ಇಡಿ ಮತ್ತು ಬಿಡಿ

ಮಾರ್ಚ್ ೩, ಸೋಮವಾರ

ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತನಾಗಿ, ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಬಿಸ್ಕತ್ತು ಹಿಡಿದು ಒಪ್ಪಿಕೊಳ್ಳುತ್ತಿದ್ದೇನೆ: ಇಂದು ಬೆಳಿಗ್ಗೆ ಹನ್ನೊಂದೂಕಾಲಕ್ಕೆ ನಾನು ಒಂದು ಜೀನನ್ನು ಕಾಣೆ ಮಾಡಿದೆ. ಕೊಲೆಯಲ್ಲ, ಅಪಹರಣ. ಪಟ್ಟಿಯಲ್ಲಿ ಆರುನೂರ ನಲವತ್ತೊಂದು ಜೀನುಗಳಿದ್ದವು. ಆರುನೂರ ನಲವತ್ತು ಎಂದರೆ ಎಷ್ಟು ಚೆಂದದ ಸಂಖ್ಯೆ! ಕೊನೆಯಲ್ಲಿ ಆ ಒಂದು, ಊಟ ಮುಗಿದು ಕೈ ತೊಳೆದ ಮೇಲೂ ಹೊರಡದ ನೆಂಟನ ಹಾಗೆ ಕೂತಿತ್ತು. ಅದರ ಮುಂದಿದ್ದ ಟಿಕ್ ತೆಗೆದೆ. ಯಾರೂ ನೋಡಲಿಲ್ಲ. ಆತ್ಮಸಾಕ್ಷಿ ಆಗ ಕಾಫಿಗೆ ಹೋಗಿತ್ತು.

ನನ್ನ ಕಸುಬು ಇದು: ಮೂತ್ರಪಿಂಡದ ಕಾಯಿಲೆಯ ಮೂವತ್ತು ಮಕ್ಕಳು, ಗಟ್ಟಿಮುಟ್ಟಾದ ಮೂವತ್ತು ಮಕ್ಕಳು, ಈ ಅರವತ್ತು ಮಕ್ಕಳ ರಕ್ತದಲ್ಲಿ ಹದಿನೆಂಟು ಸಾವಿರ ಜೀನುಗಳು, ಅಂದರೆ ವಂಶವಾಹಿಗಳು, ಎಷ್ಟೆಷ್ಟು ಚುರುಕಾಗಿವೆ ಎಂಬ ಲೆಕ್ಕ ಆಸ್ಪತ್ರೆಯಿಂದ ನಮ್ಮ ಕಂಪ್ಯೂಟರಿಗೆ ಬರುತ್ತದೆ. ನಾನು ತಂತ್ರಾಂಶದ ಮುಂದೆ ಕೂತು ಅವನ್ನು ಗುಂಪು ಮಾಡುತ್ತೇನೆ, ಗುಂಪಿನೊಳಗೆ ಗುಂಪು ಮಾಡುತ್ತೇನೆ. ಕಾಯಿಲೆಯಿಂದ ಬದಲಾದವು ಅನ್ನಿಸಿದ ಜೀನುಗಳಿಗೆ ಟಿಕ್ ಹಾಕಿ ಪಟ್ಟಿಗೆ ಸೇರಿಸುತ್ತೇನೆ. ಒಟ್ಟಿನಲ್ಲಿ ಇಡಿಯನ್ನು ಬಿಡಿ ಮಾಡುವುದು. ಕಾಲೇಜಿನಲ್ಲಿ ಛಂದಸ್ಸಿನ ಮೇಷ್ಟ್ರು ಗಣ ವಿಂಗಡಿಸಲು ಹೇಳಿದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡಿದ್ದಕ್ಕೆ ವಿಧಿ ಕೊಟ್ಟ ಶಿಕ್ಷೆ: ಬದುಕಿರುವ ತನಕ ಗಣ, ಉಪಗಣ. ಮದುವೆಯಾದ ಹೊಸದರಲ್ಲಿ ಮಾವನವರಿಗೆ ವಿವರಿಸಿದಾಗ, "ಜೇನು ಸಾಕ್ತೀರಾ? ಒಳ್ಳೇದು, ಒಳ್ಳೇದು" ಅಂದಿದ್ದರು. ಸಂಬಳ ಕೇಳಿದ ಮೇಲೆ, "ನಿಮ್ಮ ಯಜಮಾನ್ರು ಭಾರೀ ಜೀನ ಇರ್ಬೇಕು" ಅಂದರು. ಜೀನು ಅಂತ ಅವರು ಇವತ್ತಿಗೂ ಅಂದಿಲ್ಲ.

ನಮ್ಮ ವಿಭಾಗದಲ್ಲಿ ಮೂರೇ ಜನ. ಮುಖ್ಯಸ್ಥೆಗೆ ನಾನಿಟ್ಟ ಹೆಸರು ಪೂರ್ಣವಿರಾಮ. ಅವರು ಬಾಯಿ ಬಿಟ್ಟರೆ ಅಲ್ಲಿಗೆ ವಾಕ್ಯ ಮುಗಿಯಿತು. ಇನ್ನೊಬ್ಬಳು ಗುತ್ತಿಗೆ ಮೇಲೆ ಬಂದ ಹುಡುಗಿ, ಅಲ್ಪವಿರಾಮ. ಎರಡು ಪದಕ್ಕೊಮ್ಮೆ ನಿಂತು ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಾಳೆ. ಅವಳ ಗುತ್ತಿಗೆ ಈ ಮೂವತ್ತೊಂದಕ್ಕೆ ಮುಗಿಯುತ್ತದೆ. ನಾವು ಮಾಡುತ್ತಿರುವ ಪಟ್ಟಿ ಆಸ್ಪತ್ರೆಯ ಡಾಕ್ಟರಿಗೆ ಒಪ್ಪಿಗೆಯಾದರೆ ಇನ್ನೆರಡು ವರ್ಷ, ಇಲ್ಲದಿದ್ದರೆ ಮನೆ. ಅವಳ ಅಪ್ಪ ಬಸ್ ಕಂಡಕ್ಟರ್. ದಿನಾ ಮಧ್ಯಾಹ್ನ ಫೋನ್ ಮಾಡಿ, "ಏನಮ್ಮಾ, ಸೀಟು ಸಿಕ್ತಾ?" ಅಂತ ಕೇಳುತ್ತಾರಂತೆ. ಇವಳು, "ಇಲ್ಲಪ್ಪ, ಇನ್ನೂ, ನಿಂತೇ ಇದೀನಿ" ಅನ್ನುತ್ತಾಳೆ.

ಮಾರ್ಚ್ ೪, ಮಂಗಳವಾರ

ಸಿಕ್ಕಿಬಿದ್ದೆ. ಅರ್ಧ.

"ಸರ್, ನಿನ್ನೆ ಆರುನೂರ ನಲವತ್ತೊಂದು ಇತ್ತು, ಇವತ್ತು, ನಲವತ್ತೇ ಇದೆ."

"ಒಂದು ರಜಾ ಹಾಕಿರ್ಬೇಕು ಕಣಮ್ಮ."

ನಗಲಿಲ್ಲ. ಹದಿನೈದು ನಿಮಿಷದಲ್ಲಿ ಕಳೆದುಹೋದದ್ದು ಯಾವುದೆಂದು ಪತ್ತೆಹಚ್ಚಿ ಕಿವಿ ಹಿಡಿದು ವಾಪಸ್ ಕೂರಿಸಿದಳು. "ತಂತ್ರಾಂಶದಲ್ಲಿ, ಏನೋ ದೋಷ ಇರ್ಬೇಕು ಸರ್" ಅಂದಳು. "ಇರ್ಬೇಕು" ಅಂದೆ. ತಂತ್ರಾಂಶ ಪಾಪ, ಎದುರು ಮಾತಾಡುವುದಿಲ್ಲ.

ಯಾರು ಏನು ಮಾಡಿದರೆಂದು ತಂತ್ರಾಂಶ ಬರೆದಿಟ್ಟುಕೊಳ್ಳುತ್ತದೆ ನಿಜ. ಆದರೆ ನಾವು ಕೊಂಡಿರುವ ಪರವಾನಗಿ ಒಂದೇ. ಮೂವರೂ ಒಂದೇ ಹೆಸರಿನಲ್ಲಿ ಒಳಗೆ ಹೋಗುತ್ತೇವೆ. ಹೆಸರು 'ಪ್ರಯೋಗಾಲಯ'. ಹಾಗಾಗಿ ಇಲ್ಲಿ ನಡೆಯುವ ಸಕಲ ಪಾಪಗಳಿಗೂ ಕರ್ತೃ ಪ್ರಯೋಗಾಲಯವೇ. ವ್ಯಾಕರಣದಲ್ಲಿರುವುದು ಕರ್ಮಣಿ ಪ್ರಯೋಗ. ನಮ್ಮದು ಕರ್ಮಣಿ ಪ್ರಯೋಗಾಲಯ.

ಮಾರ್ಚ್ ೬, ಗುರುವಾರ

ಸಂಜೆ ಹೆಂಡತಿ ಫೋನ್ ಮಾಡಿ ಬೀಗ ತನ್ನಿ ಅಂದಳು. ತಂದೆ. ಹಿತ್ತಾಳೆಯದು, ಮೂರು ಬೀಗದಕೈ. ಅಂಗಡಿಯಲ್ಲಿ ಇಪ್ಪತ್ತು ನಿಮಿಷ ನಿಂತು ಆರಿಸಿದ್ದೆ.

"ಇದ್ಯಾಕ್ರೀ?"

"ನೀನೇ ಅಲ್ವೇನೇ ಬೀಗ ತನ್ನಿ ಅಂದಿದ್ದು?"

"ಬೇಗ ಬನ್ನಿ ಅಂದೆ ಕಣ್ರೀ! ನಲ್ಲಿ ಕಿತ್ಕೊಂಡು ಅಡುಗೆಮನೆ ಕೆರೆ ಆಗಿತ್ತು!"

ಹದಿನಾಲ್ಕರ ಮಗಳು ಮೊಣಕಾಲತನಕ ಪೈಜಾಮ ಮಡಿಸಿಕೊಂಡು ನೆಲ ಒರೆಸುತ್ತಿದ್ದವಳು ತಲೆಯೆತ್ತಿ ಕೇಳಿದಳು: "ನೀರಿಗೇ ಬೀಗ ಹಾಕೋಣ ಅಂತ ತಂದ್ಯಾಪ್ಪ?"

ಫೋನಿನ ಕಂಪನಿಯವರು ಇತ್ತೀಚೆಗೆ ತೀರಾ ಕಳಪೆಯಾಗಿದ್ದಾರೆ. ಜನವೂ ಅಷ್ಟೆ. ಮಾತನ್ನು ಪೂರ್ತಿ ಹೊರಗೆ ಕಳಿಸುವುದಿಲ್ಲ. ಅರ್ಧ ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಪಕ್ಕದ ಮನೆಯಾತ "ನೆಂಟರು ಬರ್ತಾರೆ" ಅಂದದ್ದು ನನಗೆ "ಎಂಟಕ್ಕೆ ಬರ್ತಾರೆ" ಎಂದೇ ಕೇಳಿಸಿತು. ಎಂಟು ಗಂಟೆವರೆಗೆ ಗೇಟಿನ ಹತ್ತಿರ ಕಾದೆ. ಯಾರು ಬರುತ್ತಾರೆಂದು ಕೇಳುವುದು ಸೌಜನ್ಯವಲ್ಲವೆಂದು ಕೇಳಿರಲಿಲ್ಲ. ನನ್ನಂಥ ಸೂಕ್ಷ್ಮ ಕಿವಿಯವನಿಗೇ ಹೀಗಾದರೆ ಮಂದ ಕಿವಿಯವರ ಗತಿಯೇನು?

ಮಾರ್ಚ್ ೧೦, ಸೋಮವಾರ

ಅಲ್ಪವಿರಾಮ ಇವತ್ತು ಕುರ್ಚಿಯಲ್ಲಿ ಕೂತುಕೊಳ್ಳಲೇ ಇಲ್ಲ.

"ಸರ್, ಇದರಲ್ಲಿ ಎಂಬತ್ತೇಳು ಜೀನು, ಕಾಯಿಲೆಯಿಂದ, ಬದಲಾಗಿರೋದೇ ಅಲ್ಲ!"

"ಮತ್ತೆ? ಬೇಜಾರಿಗೆ ಬದಲಾದ್ವಾ?"

"ಕಾದು ಕಾದು, ಸರ್."

ಅವಳು ಆಸ್ಪತ್ರೆಯಿಂದ ಅರವತ್ತು ಸೀಸೆಗಳ ಚೀಟಿಗಳನ್ನೂ ತರಿಸಿ, ಒಂದೊಂದರ ಸಮಯವನ್ನೂ ನೋಡಿದ್ದಳು. ಆರೋಗ್ಯವಂತ ಮಕ್ಕಳ ರಕ್ತ ನೇರ ಶೀತಪೆಟ್ಟಿಗೆಗೆ ಹೋಗಿದೆ. ಕಾಯಿಲೆಯ ಮಕ್ಕಳದ್ದು ಲಿಫ್ಟು ಕೆಟ್ಟ ವಾರದಲ್ಲಿ ತೆಗೆದದ್ದು. ನಾಲ್ಕು ನಾಲ್ಕು ಗಂಟೆ ಮೇಜಿನ ಮೇಲೆ ಬಿದ್ದಿದೆ. ರಕ್ತವೂ ಕಾದರೆ ಹಳಸುತ್ತದೆ, ಹಳಸಿದರೆ ಕೆಲವು ಜೀನುಗಳು ಸುಮ್ಮಸುಮ್ಮನೆ ಕುಣಿಯುತ್ತವೆ. ಆ ಕುಣಿತವನ್ನು ನಾವು ಕಾಯಿಲೆ ಎಂದುಕೊಂಡಿದ್ದೆವು. ಎಂಟು ತಿಂಗಳಿಂದ ನನ್ನ ಮೂಗಿನ ಕೆಳಗೇ ಇತ್ತು. ನನ್ನ ಮೂಗಿಗೆ ಹಳಸಲು ವಾಸನೆ ಬಡಿದಿರಲಿಲ್ಲ.

ಎಂಬತ್ತೇಳನ್ನೂ ಬೇರೆ ಗುಂಪು ಮಾಡಿ, ಮೊದಲಿಗೆ ತನ್ನ ಹೆಸರಿನ ಅಕ್ಷರ ಹಾಕಿ, ಮುಂದೆ ಏನಿಡಲಿ ಅಂದಳು. 'ಹಳಸಲು' ಇಡು ಅಂದೆ. ಪಾಚಿ ಬಣ್ಣ ಕೊಟ್ಟೆವು. ಇವನ್ನು ತೆಗೆದರೆ ಉಳಿಯುವುದು ಐನೂರ ಐವತ್ತನಾಲ್ಕು. ಅಪ್ಪನ ಫೋನು ಬಂದಾಗ, "ಒಬ್ರು ಏಳೋ ಹಾಗೆ, ಕಾಣಿಸ್ತಿದಾರಪ್ಪ" ಅಂದಳು.

ಮಾರ್ಚ್ ೧೧, ಮಂಗಳವಾರ

ಸಭೆ. ಏಸಿ ಗುರುಗುಟ್ಟುತ್ತಿತ್ತು. ಪೂರ್ಣವಿರಾಮದವರು ನಮಗೆ ಬೆನ್ನು ಹಾಕಿ, ಬೋರ್ಡಿನ ಮೇಲೆ ಅಲ್ಪವಿರಾಮ ಬರೆದದ್ದನ್ನೆಲ್ಲ ಓದಿದರು. ಆಮೇಲೆ ತಿರುಗದೆಯೇ ಅಂದರು:

"ಆ ಎಂಬತ್ತೇಳನ್ನ ಇಡಿ."

ಅಷ್ಟೆ. ನನಗೂ ಆಶ್ಚರ್ಯವಾಯಿತು. ಹಳಸಿದ್ದನ್ನು ಯಾರಾದರೂ ಇಡುತ್ತಾರೆಯೇ? ಆದರೆ ಪೂರ್ಣವಿರಾಮ ಬಿದ್ದ ಮೇಲೆ ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವ ಪದ್ಧತಿ ಯಾವ ವ್ಯಾಕರಣದಲ್ಲೂ ಇಲ್ಲ. ಅಲ್ಪವಿರಾಮ ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು.

ಮೂರು ಗಂಟೆಗೆ ಅವಳು ಪಟ್ಟಿ ಸಿದ್ಧಮಾಡಿಟ್ಟು, ಹಲ್ಲುನೋವೆಂದು ಹೊರಟಳು. ನನ್ನ ಪಾಲಿಗಿದ್ದದ್ದು ಒಮ್ಮೆ ಕಣ್ಣಾಡಿಸಿ ಡಾಕ್ಟರಿಗೆ ಕಳಿಸುವುದು. ತೆರೆದು ನೋಡುತ್ತೇನೆ, ಎಂಬತ್ತೇಳಕ್ಕೂ ಟಿಕ್ಕಿಲ್ಲ! ಮೇಡಂ ಬಾಯಿಬಿಟ್ಟು ಇಡಿ ಅಂದಿದ್ದಾರೆ, ಇವಳು ಬಿಟ್ಟು ಕೂತಿದ್ದಾಳೆ. ಹಲ್ಲುನೋವು ಮನುಷ್ಯನನ್ನು ಏನು ಬೇಕಾದರೂ ಮಾಡುತ್ತದೆ. ಇಡೀ ಗುಂಪಿಗೆ ಒಂದೇ ಏಟಿಗೆ ಟಿಕ್ ಹಾಕಿ ಕಳಿಸಿದೆ.

ಈ ವಿಷಯ ಯಾರಿಗೂ ಹೇಳುವುದಿಲ್ಲ. ಅವಳಿಗೂ ಹೇಳುವುದಿಲ್ಲ. ಕಿರಿಯರ ತಪ್ಪನ್ನು ಸದ್ದಿಲ್ಲದೆ ತಿದ್ದಿ ಮರೆತುಬಿಡುವುದೇ ದೊಡ್ಡತನ. ಇವತ್ತು ಆ ಹುಡುಗಿಯ ನೌಕರಿ ಉಳಿಸಿದ್ದು ನನ್ನ ಎರಡು ಕಿವಿಗಳು ಎಂದು ಇಲ್ಲಿ ಮಾತ್ರ ಬರೆದಿಡುತ್ತೇನೆ.

ಮಾರ್ಚ್ ೧೪, ಶುಕ್ರವಾರ

ಟಿವಿಯ ವಿಚಾರದಲ್ಲಿ ಮನೆಯಲ್ಲಿ ಯುದ್ಧ. "ವಾರ್ತೆ ಪಕ್ಕದ ಮನೆಯವ್ರಿಗೆ ಫ್ರೀ ಆಗಿ ಸಿಗ್ತಿದೆಯಪ್ಪ" ಅಂದಳು ಮಗಳು. ವಾರ್ತೆ ಓದುವಾಕೆ ಗೊಣಗಿದರೆ ನಾನೇನು ಮಾಡಲಿ?

ಆಫೀಸಿನಲ್ಲಿ ಒಂದು ಹಳೇ ಪಟ್ಟಿ ತೆರೆದೆ. ಲೆಕ್ಕದ ಹಾಳೆ ತಯಾರಿಸುವ ತಂತ್ರಾಂಶ ಎರಡು ಜೀನುಗಳ ಹೆಸರನ್ನು ತಾರೀಖು ಎಂದು ತಿಳಿದು 'ಮಾರ್ಚ್ ೧', 'ಮಾರ್ಚ್ ೨' ಮಾಡಿ ಕೂರಿಸಿತ್ತು. ಹೇಳಿದ್ದೊಂದು, ತಿಳಿದದ್ದೊಂದು. ಯಂತ್ರಗಳ ಪೆದ್ದುತನಕ್ಕೆ ಅರ್ಧ ಗಂಟೆ ನಕ್ಕೆ.

ಮಾರ್ಚ್ ೧೮, ಮಂಗಳವಾರ

ಡಾಕ್ಟರು ಫೋನ್ ಮಾಡಿದರು. ಮೇಡಂ ಸ್ಪೀಕರ್ ಹಾಕಿ ನಮ್ಮಿಬ್ಬರನ್ನೂ ಕರೆದರು.

"ಮೇಡಂ, ನೀವು ಕಳಿಸಿರೋದು ಕಾಯಿಲೆ ಪಟ್ಟಿ ಅಲ್ಲ. ನಮ್ಮ ಲಿಫ್ಟ್ ಕೆಟ್ಟಿತ್ತಲ್ಲ, ಅದರ ಪಟ್ಟಿ. ಮೊದಲ ಇಪ್ಪತ್ತರಲ್ಲಿ ಹದಿನಾರು ಹಳಸಿದ ರಕ್ತದ್ದು. ಇದನ್ನ ನಂಬಿ ನಾನು ಮಕ್ಕಳಿಗೆ ಮತ್ತೆ ಸೂಜಿ ಚುಚ್ಬೇಕಿತ್ತಾ?"

ಫೋನ್ ಇಟ್ಟು ಮೇಡಂ ನಮ್ಮ ಕಡೆ ತಿರುಗಿದರು.

"ಬಿಡಿ ಅಂತ ನಾನು ಹೇಳಿದ್ದೆ. ಇಟ್ಟಿದ್ದು ಯಾರು?"

ಈ ಸಲ ಮೇಡಂ ನನ್ನ ಎದುರಿಗೇ ನಿಂತಿದ್ದರು. 'ಬಿಡಿ' ಅನ್ನುವಾಗ ಅವರ ಎರಡು ತುಟಿಗಳೂ ಕೂಡಿ ಬಿಟ್ಟುಕೊಂಡದ್ದು ನನಗೆ ಕಂಡಿತು. ಬೋರ್ಡಿನ ಕಡೆ ತಿರುಗಿದ್ದ ದಿನ ತುಟಿ ಕಂಡಿರಲಿಲ್ಲ.

ತಂತ್ರಾಂಶ ನೋಡಿದರು. ಇಟ್ಟವರು: ಪ್ರಯೋಗಾಲಯ. ಗುಂಪಿನ ಹೆಸರಿನ ಮುಂದೆ ಇದ್ದದ್ದು ಅಲ್ಪವಿರಾಮದ ಅಕ್ಷರ. ಅವಳು ನೋಟ್‌ಬುಕ್ ತೆರೆದಳು. '೮೭ – ಬಿಡಿ.' ತನ್ನ ಕೈಬರಹವನ್ನು ತಾನೇ ಬಹಳ ಹೊತ್ತು ನೋಡಿದಳು.

"ನಾನೇ, ಟಿಕ್ ತೆಗೆಯೋಕೆ, ಮರೆತಿರ್ಬೇಕು ಮೇಡಂ. ಹಲ್ಲು, ತುಂಬಾ ನೋಯ್ತಿತ್ತು."

"ಕಳಿಸೋ ಮೊದಲು ನೀವು ನೋಡ್ಲಿಲ್ವಾ?" ಅಂತ ಮೇಡಂ ನನ್ನ ಕೇಳಿದರು.

"ನೋಡಿದೆ ಮೇಡಂ" ಅಂದೆ.

ಸುಳ್ಳಲ್ಲ. ಸತ್ಯದ ಒಂದು ಉಪಗಣ.

ಮಾರ್ಚ್ ೧೯, ಬುಧವಾರ

ವಿಶೇಷವಿಲ್ಲ.

ಮಾರ್ಚ್ ೨೦, ಗುರುವಾರ

ಅಲ್ಪವಿರಾಮ ಪಟ್ಟಿ ಸರಿಮಾಡಿದ್ದಾಳೆ. ಐನೂರ ಐವತ್ತನಾಲ್ಕನ್ನೂ ಕಾಗದದ ಮೇಲೆ ಮುದ್ರಿಸಿ, ಸ್ಕೇಲು ಇಟ್ಟು, ಒಂದೊಂದಾಗಿ ಎಣಿಸುತ್ತಿದ್ದಳು. ತಂತ್ರಾಂಶ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಣಿಸುತ್ತದಲ್ಲಮ್ಮ ಅಂದೆ. "ತಂತ್ರಾಂಶ ಸರಿಯಾಗೇ ಇದೆ ಸರ್, ನನ್ನ ಮೇಲೆ, ನಂಬಿಕೆ ಇಲ್ಲ" ಅಂದಳು.

ಮಧ್ಯಾಹ್ನ ಬೇರೆ ಕಡೆ ಅರ್ಜಿ ಹಾಕಲು ನನ್ನಿಂದ ಶಿಫಾರಸು ಪತ್ರ ಕೇಳಿದಳು. ಬರೆದೆ. 'ಈಕೆ ಎಣಿಕೆಯಲ್ಲಿ ಎಂದೂ ತಪ್ಪುವವಳಲ್ಲ' ಎಂದು ಶುರು ಮಾಡಿದ್ದೆ. ನಿಂತು ಓದಿದಳು.

"ಸರ್, ಆ ಸಾಲು ತೆಗೆದುಬಿಡಿ. ಸುಳ್ಳಾಗುತ್ತೆ."

ತೆಗೆದೆ. ಉಳಿದ ಪತ್ರದಲ್ಲಿ ಹೇಳಿಕೊಳ್ಳುವಂಥದ್ದೇನೂ ಉಳಿಯಲಿಲ್ಲ.

ಸಂಜೆ ಮನೆಗೆ ಬಂದವನೇ ಹೆಂಡತಿಯನ್ನು ಕರೆದು ಬೆನ್ನು ಹಾಕಿ ಕುರ್ಚಿಯಲ್ಲಿ ಕೂತೆ. "ನನ್ನ ಹಿಂದೆ ನಿಂತ್ಕೊಂಡು ಇಡಿ ಇಲ್ಲಾ ಬಿಡಿ ಅನ್ನು. ಯಾವುದು ಬೇಕಾದ್ರೂ. ಹತ್ತು ಸಲ."

"ತಲೆ ಸರಿ ಇದೆಯೇನ್ರೀ?"

"ತಲೆ ಸರಿ ಇದೆ. ಅದರ ಅಕ್ಕಪಕ್ಕ ನೋಡ್ಬೇಕು."

ಮಗಳು ಅಂಕ ಬರೆದಳು. ಹತ್ತಕ್ಕೆ ನಾಲ್ಕು. "ಕಾಸು ಚಿಮ್ಮಿದ್ರೂ ಐದು ಬರುತ್ತಪ್ಪ" ಅಂದಳು. ಹೆಂಡತಿಯ ಉಚ್ಚಾರಣೆ ಸರಿಯಿಲ್ಲವೆಂದು ಮರುಪರೀಕ್ಷೆ ಕೇಳಿದೆ. ಅವಳು ಇಪ್ಪತ್ತು ವರ್ಷ ಮಕ್ಕಳಿಗೆ ಉಕ್ತಲೇಖನ ಹೇಳಿದ ಮೇಡಂ. ಎರಡನೇ ಸಲ ಮೂರು ಬಂತು. ಯಾರೂ ನಗಲಿಲ್ಲ. ಹೆಂಡತಿ ಎದುರಿಗೆ ಬಂದು ಮಂಡಿಯೂರಿ, ನನ್ನ ಮುಖ ನೋಡಿಕೊಂಡು, "ಕಿವಿ ಡಾಕ್ಟರ್ ಹತ್ರ ಹೋಗೋಣ ರೀ" ಅಂದಳು. ಅದು ಚೆನ್ನಾಗಿ ಕೇಳಿಸಿತು. ಅಥವಾ ಕಾಣಿಸಿತು.

ಮಾರ್ಚ್ ೨೧, ಶುಕ್ರವಾರ

ಹೇಳಿಬಿಡೋಣವೆಂದು ಹೋದೆ. ಮೇಡಂ ಬಾಗಿಲು ಮುಚ್ಚಿತ್ತು. ತಟ್ಟಬಹುದಿತ್ತು. ಎರಡನೇ ಸಲ ಹೋದಾಗ ತೆರೆದಿತ್ತು. ತೆರೆದ ಬಾಗಿಲನ್ನು ತಟ್ಟುವುದು ಹೇಗೆಂದು ತಿಳಿಯದೆ ವಾಪಸ್ ಬಂದೆ.

ಅಲ್ಪವಿರಾಮ ಮೇಜಿನ ಒಳಗಡೆ ಅಂಟಿಸಿದ್ದ ಬಸ್ಸಿನ ವೇಳಾಪಟ್ಟಿಯನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಹರಿಯದ ಹಾಗೆ, ನಿಧಾನವಾಗಿ. ಗುತ್ತಿಗೆ ಬೇಕೋ ಬೇಡವೋ ಎಂದು ಮೇಡಂ ಸೋಮವಾರ ಆಡಳಿತ ಕಚೇರಿಗೆ ಬರೆದುಕೊಡಬೇಕು.

ಮಾರ್ಚ್ ೨೪, ಸೋಮವಾರ

ಇದನ್ನು ಸವಿಸ್ತಾರವಾಗಿ ಬರೆಯುತ್ತೇನೆ. ಮುಂದೆ ಮಗಳು ಎಂದಾದರೂ ಈ ಡೈರಿ ಓದಿದರೆ ಓದಲು ಯೋಗ್ಯವಾದ ಒಂದು ಪುಟವಾದರೂ ಇರಲಿ.

ಹತ್ತೂವರೆಗೆ ಮೇಡಂ ನನ್ನನ್ನು ಕರೆದರು. ಮೇಜಿನ ಮೇಲೆ ಆಡಳಿತ ಕಚೇರಿಯ ನಮೂನೆ. 'ಮುಂದುವರಿಸುವುದು', 'ಮುಂದುವರಿಸದಿರುವುದು', ಪಕ್ಕದಲ್ಲಿ ಎರಡು ಖಾಲಿ ಚೌಕ. ಹದಿನೆಂಟು ಸಾವಿರ ಚೌಕಗಳಿಗೆ ಟಿಕ್ ಹಾಕಿದವನು ನಾನು. ಎರಡು ಚೌಕ ನೋಡಿ ಬೆವರಿದ್ದು ಇದೇ ಮೊದಲು. ಮೇಡಂ ಪೆನ್ನಿನ ಮುಚ್ಚಳ ತೆಗೆದು, ಕಿಟಕಿ ಕಡೆ ತಿರುಗಿ ಏನೋ ಅಂದುಕೊಂಡು, ಕೊನೆಗೆ "ಹೇಳಿಬಿಡಿ" ಅಂದರು.

ಅವರು ಹೇಳಿಬಿಡಿ ಅನ್ನದಿದ್ದರೂ ನಾನು ಹೇಳುವವನೇ. ಮೆಟ್ಟಿಲು ಹತ್ತುವಾಗಲೇ ನಿರ್ಧಾರ ಗಟ್ಟಿಯಾಗಿತ್ತು. ಕುರ್ಚಿ ಎಳೆದುಕೊಂಡು ಕೂತೆ.

"ಮೇಡಂ, ಇಟ್ಟಿದ್ದು ನಾನು. ನೀವು ಬಿಡಿ ಅಂದಿದ್ದು ನನಗೆ ಇಡಿ ಅಂತ ಕೇಳಿಸ್ತು. ಆ ಹುಡುಗಿ ಸರಿಯಾಗೇ ಬಿಟ್ಟಿದ್ಲು. ನಾನು ವಾಪಸ್ ಇಟ್ಟೆ. ಹಳಸಲು ಕಂಡುಹಿಡಿದವಳೂ ಅವಳೇ, ಎಂಟು ತಿಂಗಳು ಅದನ್ನ ಕಾಣದೆ ಕೂತವನು ನಾನೇ. ಮಂಗಳವಾರ ನೀವು ಕೇಳ್ದಾಗ ಬಾಯಿ ಮುಚ್ಕೊಂಡಿದ್ದವನೂ ನಾನೇ."

ಮೇಡಂ ತಿರುಗಿದರು. ಬಹಳ ಹೊತ್ತು ನನ್ನನ್ನೇ ವಿಚಿತ್ರವಾಗಿ ನೋಡಿದರು. ಗೋಡೆಯ ಕ್ಯಾಲೆಂಡರು ಬಾಯಿಬಿಟ್ಟು ಮಾತಾಡಿದರೆ ಹಾಗೆ ನೋಡಬಹುದು. ನನ್ನ ಧೈರ್ಯಕ್ಕೆ ಬೆರಗಾಗಿದ್ದರು ಎಂದೇ ನನ್ನ ಅಂದಾಜು. ಕೊನೆಗೆ ಮೊದಲನೇ ಚೌಕಕ್ಕೆ ಟಿಕ್ ಹಾಕಿ ಸಹಿ ಮಾಡಿದರು. "ಆರು ತಿಂಗಳು ನೀವು ಯಾವ ಪಟ್ಟಿಯನ್ನೂ ಕಳಿಸೋ ಹಾಗಿಲ್ಲ. ಅವಳು ನೋಡಿ ಕಳಿಸ್ತಾಳೆ. ಕಿವಿ ತೋರಿಸ್ಕೊಳ್ಳಿ." ಪೂರ್ಣವಿರಾಮ.

ಅಲ್ಪವಿರಾಮಕ್ಕೆ ನಾನೇ ಹೋಗಿ ಹೇಳಿದೆ. ಕಣ್ಣೀರು, ಕೃತಜ್ಞತೆ ಇತ್ಯಾದಿಗಳಿಗೆ ಕರವಸ್ತ್ರ ಸಿದ್ಧಮಾಡಿಕೊಂಡೇ ಹೋಗಿದ್ದೆ. ಅವಳು ಎದ್ದು ನಿಂತಳು.

"ಆರು ದಿನ ನಾನು ನನ್ನ ತಲೇನೇ ನಂಬದೆ ಮನೆ ಬಾಗಿಲು ಹಾಕಿದೀನೋ ಇಲ್ವೋ ಅಂತ ಮೂರು ಸಲ ವಾಪಸ್ ಹೋಗಿ ನೋಡಿದೀನಿ ಸರ್ ನೀವು ಪಕ್ಕದ ಕುರ್ಚಿಯಲ್ಲೇ ಕೂತಿದ್ರಿ!"

ಒಂದೇ ಉಸಿರು. ಒಂದೂ ವಿರಾಮವಿಲ್ಲ. ಅವಳಿಗೆ ಬೇರೆ ಹೆಸರು ಹುಡುಕಬೇಕು.

ನಾಲ್ಕು ಗಂಟೆಗೆ ಅವಳ ಅಪ್ಪನ ಫೋನು ಬಂತು. "ಸಿಕ್ತಪ್ಪ. ಕಿಟಕಿ ಪಕ್ಕ." ಆಮೇಲೆ ನನ್ನ ಮೇಜಿನ ಮೇಲೆ ಒಂದು ಲೋಟ ಕಾಫಿ ಇಟ್ಟು ಹೋದಳು. ಸಕ್ಕರೆ ಹಾಕಿರಲಿಲ್ಲ.

ಇರಲಿ. ನಲವತ್ತೇಳನೇ ವಯಸ್ಸಿನಲ್ಲಿ, ಯಾರೂ ಕುತ್ತಿಗೆ ಹಿಡಿಯದೆ, ಸ್ವಂತ ಇಚ್ಛೆಯಿಂದ ತಪ್ಪೊಪ್ಪಿಕೊಂಡ ಗಂಡಸರನ್ನು ಒಂದು ಗಣ ಮಾಡಿದರೆ ಅದು ಬಹುತೇಕ ಶೂನ್ಯಗಣ. ಅದರಲ್ಲಿ ಇವತ್ತು ನಾನೊಬ್ಬ ಕೂತಿದ್ದೇನೆ, ಕಾಲು ಚಾಚಿಕೊಂಡು.

ಮಾರ್ಚ್ ೨೭, ಗುರುವಾರ

ಕಿವಿ ಡಾಕ್ಟರು ಹೆಡ್‌ಫೋನ್ ಹಾಕಿ ಗುಬ್ಬಚ್ಚಿ ಸದ್ದುಗಳನ್ನು ಕೇಳಿಸಿದರು. ಗುಬ್ಬಚ್ಚಿಗಳು ಮುಕ್ಕಾಲು ಪಾಲು ಬಂದೇ ಇಲ್ಲ ಅಂದೆ. ಬಂದಿದ್ದವಂತೆ. ಎಡಗಿವಿಗೆ ಯಂತ್ರ ಬೇಕು; ಅಳತೆ ತೆಗೆದುಕೊಂ‌ಡಿದ್ದಾರೆ. ಬಲಗಿವಿ ಸದ್ಯಕ್ಕೆ ಗುತ್ತಿಗೆ ಮೇಲಿದೆ.

ಮುಂದಿನ ವಾರದ ರಜಾ ಅರ್ಜಿಗೆ ಸಹಿ ಹಾಕಿಸಲು ಮೇಡಂ ಹತ್ತಿರ ಹೋದೆ. ಈಗ ಅವರು ನನ್ನ ಎದುರಿಗೆ ಮುಖ ಕೊಟ್ಟೇ ಮಾತಾಡುತ್ತಾರೆ. ಸಹಿ ಹಾಕಿ, ಪೆನ್ನು ಇಟ್ಟು, ನಾನು ಕಂಡಂತೆ ಮೊದಲ ಬಾರಿಗೆ ನಕ್ಕರು.

"ಸೋಮವಾರ ನಿಮಗೆ ಏನು ಕೇಳಿಸ್ತು?"

"ಹೇಳಿಬಿಡಿ ಅಂದ್ರಿ ಮೇಡಂ."

"ಹೋಗ್ಲಿಬಿಡಿ ಅಂದೆ. ಯಾರು ಇಟ್ರೋ ಏನೋ, ಆ ಹುಡುಗಿ ಹೇಗೂ ಒಪ್ಕೊಂಡಿದಾಳೆ, ಹೋಗ್ಲಿಬಿಡಿ ಅಂತ. ಎರಡನೇ ಚೌಕಕ್ಕೆ ಟಿಕ್ ಹಾಕೋಕೆ ನನಗೆ ಬೇಕಾಗಿದ್ದು ನಿಮ್ಮದೊಂದು ಸಹಿ ಅಷ್ಟೆ. ನೀವು ನೋಡಿದ್ರೆ ಕುರ್ಚಿ ಎಳ್ಕೊಂಡು ಶುರು ಮಾಡಿಬಿಟ್ರಿ."

ಮೆಟ್ಟಿಲು ಇಳಿಯುವಾಗ ಲೆಕ್ಕ ಹಾಕಿ ನೋಡಿದೆ. ಅವತ್ತು ಮೆಟ್ಟಿಲು ಹತ್ತುವಾಗ ನನ್ನಲ್ಲಿ ಯಾವ ನಿರ್ಧಾರವೂ ಇರಲಿಲ್ಲ. ಶರ್ಟಿನ ಜೇಬಿನಲ್ಲಿ ಪೆನ್ನು ಮಾತ್ರ ಇತ್ತು. ಸರಿಯಾಗಿ ಕೇಳಿಸಿದ್ದರೆ "ಆಯ್ತು ಮೇಡಂ" ಅಂದು, ಎಲ್ಲಿ ಹಾಕಬೇಕೆಂದು ಕೇಳಿ, ಸಹಿ ಹಾಕಿ ಬರುತ್ತಿದ್ದೆ.